ಸಭೆ ತಪ್ಪಿಲ್ಲ, ಕೆರೆ ಬದಲಾಗಿಲ್ಲ: ಸಂರಕ್ಷಣಾ ತಂಡದ ಪ್ರಗತಿ ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಕೆರೆ ಸಮಿತಿ, ಹಕ್ಕಿ ಗಣತಿ ತಂಡ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಕಾಡಂಚಿನ ಊರಿನ ಯುವಕ ಸಂಘ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಪರಿಸರದ ಕೆಲಸಕ್ಕೆ ಇಳಿದ ತಂಡಗಳ ಹೆಸರು ಬೇರೆ ಬೇರೆ, ಕೆಡುವ ರೀತಿ ಮಾತ್ರ ಹೆಚ್ಚು ಕಡಿಮೆ ಒಂದೇ. ತಿಂಗಳ ಸಭೆ ತಪ್ಪುವುದಿಲ್ಲ. ನಡಾವಳಿ ಪುಸ್ತಕ ತುಂಬುತ್ತದೆ. ಪ್ರಗತಿ ಪಟ್ಟಿಯಲ್ಲಿ ಅಂಕಿ ಏರುತ್ತ ಹೋಗುತ್ತದೆ. ಏರಿ ಮೇಲೆ ನಿಂತು ನೋಡಿದರೆ ಹೋದ ವರ್ಷದ ಜೊಂಡೇ ಇದೆ, ಅದೇ ಮೋರಿ ನೀರು ಕೆರೆಗೆ ಇಳಿಯುತ್ತಿದೆ.

ಇಂಥ ಹೊತ್ತಲ್ಲಿ ತಂಡಗಳು ಸಾಮಾನ್ಯವಾಗಿ ಇನ್ನೊಂದು ಸಭೆ ಕರೆಯುತ್ತವೆ, ಇಲ್ಲವೇ ಸಂಚಾಲಕರನ್ನು ಬದಲಿಸುತ್ತವೆ. ಎರಡರಿಂದಲೂ ದೋಷ ಸಿಗುವುದಿಲ್ಲ, ಯಾಕೆಂದರೆ ಅದು ಬಹುತೇಕ ಸಭೆಯ ಕೋಣೆಯಲ್ಲಿ ಇರುವುದೇ ಇಲ್ಲ. ಕೆರೆಯಲ್ಲಿ ಆದದ್ದು ದಾಖಲೆಗೆ ಬರಬೇಕು, ದಾಖಲೆ ಸಭೆಗೆ ಬರಬೇಕು, ಸಭೆ ಅದನ್ನು ನೋಡಿ ತೀರ್ಮಾನಿಸಬೇಕು, ತೀರ್ಮಾನ ಮತ್ತೆ ಕೆರೆಗೆ ಹೋಗಬೇಕು. ಈ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಕೊಂಡಿ ಕಳಚಿರುತ್ತದೆ. ಆ ಜಾಗ ಹಿಡಿಯುವುದಕ್ಕೆ ಈ ಕೈಪಿಡಿ. ಸಂಚಾಲಕರು, ಕಾರ್ಯದರ್ಶಿಗಳು, ನಡಾವಳಿ ಬರೆಯುವವರು ಇದನ್ನು ಕೈಯಲ್ಲಿಟ್ಟುಕೊಂಡು ಹುಡುಕಬಹುದು.

ಹುಡುಕಾಟ ಎಲ್ಲಿಂದ ಶುರು

ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಬರದಿದ್ದರೆ ನೀರಗಂಟಿ ಕೆಆರ್‌ಎಸ್‌ನಿಂದ ಹುಡುಕಲು ಶುರು ಮಾಡುವುದಿಲ್ಲ. ಒಣಗಿದ ಗದ್ದೆಯಿಂದ ಮೇಲ್ಮುಖವಾಗಿ ನಡೆಯುತ್ತಾನೆ. ನೀರು ಮೊದಲು ಎಲ್ಲಿ ಕಾಣುತ್ತದೋ ಅದಕ್ಕೂ ಗದ್ದೆಗೂ ನಡುವೆ ಒಡೆದಿದೆ ಎಂದು ಅವನಿಗೆ ಗೊತ್ತು. ನಾವೂ ಹಾಗೆಯೇ ಸ್ಥಳದಿಂದ ಹಿಂದಕ್ಕೆ ಬರಬೇಕು. ಕಚೇರಿಯ ಪಟ್ಟಿಯಿಂದ ಶುರು ಮಾಡಿದರೆ ಪಟ್ಟಿ ಹೇಳಿದ್ದನ್ನೇ ನೋಡಿಕೊಂಡು ವಾಪಸು ಬರುತ್ತೇವೆ.

ಮೊದಲ ಪರೀಕ್ಷೆಗೆ ಬೇಕಾದದ್ದು ಕಳೆದ ಮೂರು ಸಭೆಗಳ ನಡಾವಳಿ ಮತ್ತು ಒಂದು ಬೆಳಗಿನ ಹೊತ್ತು. ತಂಡದ ಇಬ್ಬರು ಹೋಗಿ. ಜೊತೆಗೆ ಸಭೆಗೆ ಬರದ, ಆದರೆ ದಿನಾ ಆ ಜಾಗ ನೋಡುವ ಒಬ್ಬರನ್ನು ಕರೆದುಕೊಳ್ಳಿ: ಕುರಿ ಮೇಯಿಸುವವರು, ಮೀನು ಹಿಡಿಯುವವರು, ನೀರಗಂಟಿ, ಅರಣ್ಯ ಇಲಾಖೆಯ ವಾಚರ್. ಒಂದೊಂದೇ ತೀರ್ಮಾನ ಓದಿ ಸ್ಥಳ ನೋಡಿ ಗುರುತು ಹಾಕುತ್ತ ಹೋಗಿ. ಗುರುತು ಮೂರೇ ಬಗೆ: ‘ಆಗಿದೆ’, ‘ಆಗಿಲ್ಲ’, ‘ಆಗಿದೆಯೋ ಇಲ್ಲವೋ ನೋಡಿ ಹೇಳಲಾಗದು’.

ಮುಗಿದ ಮೇಲೆ ಯಾವ ಗುರುತು ಹೆಚ್ಚಾಗಿದೆ ಎಂದು ಎಣಿಸಿ. ‘ನೋಡಿ ಹೇಳಲಾಗದು’ ಹೆಚ್ಚಿದ್ದರೆ ತೀರ್ಮಾನ ಬರೆಯುವ ರೀತಿಯಲ್ಲಿ ದೋಷ. ‘ಆಗಿಲ್ಲ’ ಹೆಚ್ಚಿದ್ದರೆ ಅಧಿಕಾರ, ಹೊಣೆ, ಹೊತ್ತು ಈ ಮೂರರಲ್ಲಿ ಒಂದು ತಪ್ಪಿದೆ. ‘ಆಗಿದೆ’ ಹೆಚ್ಚಿದ್ದೂ ಕೆರೆ ಹಾಗೇ ಇದ್ದರೆ ದೋಷ ಯೋಜನೆಯಲ್ಲೇ ಇದೆ. ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ತಂಡಗಳಲ್ಲಿ ಇರುವ ದೋಷ, ಎಲ್ಲಕ್ಕಿಂತ ತಡವಾಗಿ ಗೊತ್ತಾಗುವ ದೋಷವೂ ಹೌದು. ಆದ್ದರಿಂದ ಅದನ್ನೇ ಮೊದಲು ಬಿಡಿಸೋಣ.

ಲಕ್ಷಣ: ಹೇಳಿದ್ದೆಲ್ಲ ಆಗಿದೆ, ಆದರೂ ಏನೂ ಬದಲಾಗಿಲ್ಲ

ಕೆರೆಯ ಅಂತರಗಂಗೆ ತೆಗೆಯುವ ಕೆಲಸವನ್ನೇ ತೆಗೆದುಕೊಳ್ಳಿ. ನೇರಳೆ ಹೂ ಬಿಡುವ ಈ ಗಿಡ ದಕ್ಷಿಣ ಅಮೆರಿಕದಿಂದ ಬಂದದ್ದು, ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಅದರ ಬೀಜ ಹೂಳಿನೊಳಗೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ತಂಡ ಜೆಸಿಬಿ ತರಿಸಿ ತೆಗೆಸುತ್ತದೆ, ಇಷ್ಟು ಟ್ರ್ಯಾಕ್ಟರ್ ಲೋಡ್ ಎಂದು ಪಟ್ಟಿಯಲ್ಲಿ ಬರೆಯುತ್ತದೆ, ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಕೆರೆಗೆ ಬರುವ ಮೋರಿ ನೀರಿನಲ್ಲಿ ಸಾರಜನಕ, ರಂಜಕ ಇರುವ ತನಕ ಗಿಡಕ್ಕೆ ಗೊಬ್ಬರ ಹಾಕಿ ಸಾಕಿದ ಹಾಗೆಯೇ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಕೆರೆ ಮತ್ತೆ ಹಸಿರು ಹೊದ್ದಿರುತ್ತದೆ. ಪಟ್ಟಿ ಸುಳ್ಳು ಹೇಳಿಲ್ಲ, ಲೋಡ್ ತೆಗೆದದ್ದು ನಿಜ. ಪಟ್ಟಿ ನಾವು ಮಾಡಿದ ಕೆಲಸವನ್ನು ಅಳೆಯುತ್ತಿತ್ತು, ಕೆರೆಯನ್ನು ಅಳೆಯುತ್ತಿರಲಿಲ್ಲ.

ಗಿಡ ನೆಡುವುದರಲ್ಲೂ ಇದೇ ಕಥೆ. ಜೂನ್ 5ರಂದು ನೆಟ್ಟ ಸಸಿಗಳ ಸಂಖ್ಯೆ ಎಲ್ಲರ ಹತ್ತಿರವೂ ಇರುತ್ತದೆ. ಮುಂದಿನ ಏಪ್ರಿಲ್‌ನ ಬಿಸಿಲಲ್ಲಿ ಬದುಕಿದ್ದೆಷ್ಟು ಎಂಬ ಸಂಖ್ಯೆ ಕೇಳಿ ನೋಡಿ.

ರಿಪೇರಿ ಹೀಗೆ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಬಲತುದಿಯಲ್ಲಿ ನಿಮಗೆ ಬೇಕಾದ ಕೊನೆಯ ಫಲ ಬರೆಯಿರಿ. ಎಡತುದಿಯಲ್ಲಿ ನೀವು ಮಾಡುತ್ತಿರುವ ಕೆಲಸ ಬರೆಯಿರಿ. ನಡುವೆ ‘ಹಾಗಾದರೆ ಏನಾಗುತ್ತದೆ’ ಎಂದು ಕೇಳುತ್ತ ಒಂದೊಂದೇ ಮೆಟ್ಟಿಲು ತುಂಬಿ. ಕೊಕ್ಕರೆ ಬೆಳ್ಳೂರನ್ನು ಇಟ್ಟುಕೊಂಡು ಹೇಳುವುದಾದರೆ, ಮದ್ದೂರು ತಾಲ್ಲೂಕಿನ ಆ ಊರು 2007ರಲ್ಲಿ ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಅತ್ತಿ ಜಾತಿಯ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಹುಣಸೆ ಮರದ ಫಸಲು ಮನೆಯವರ ಕೈಗೆ ಹತ್ತುವುದಿಲ್ಲ, ಅದಕ್ಕೇ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಏರ್ಪಾಡು ಬಂತು. ಇಲ್ಲಿ ಸರಪಳಿ ಹೀಗಿದೆ: ಪರಿಹಾರ ಹೊತ್ತಿಗೆ ಸರಿಯಾಗಿ ಕೈಸೇರಿದರೆ, ಮಾಲೀಕರು ಮರ ಕಡಿಯುವುದಿಲ್ಲ. ಮರ ಉಳಿದರೆ, ಗೂಡಿಗೆ ಜಾಗ ಉಳಿಯುತ್ತದೆ. ಸುತ್ತಲಿನ ಕೆರೆಗಳಲ್ಲಿ ಮೀನಿದ್ದರೆ, ಮರಿ ಬದುಕುತ್ತವೆ. ಬರೆದು ನೋಡಿದ ಕೂಡಲೇ ಎರಡು ವಿಷಯ ಗೊತ್ತಾಗುತ್ತವೆ. ಪರಿಹಾರದ ಚೆಕ್ ಎಷ್ಟು ತಡವಾಯಿತು ಎಂಬುದೂ ಒಂದು ಸಂರಕ್ಷಣಾ ಅಂಕಿಯೇ. ಊರೊಳಗಿನ ಮರಗಳನ್ನು ಎಷ್ಟೇ ಕಾದರೂ ಊರಾಚೆಯ ಕೆರೆ ಒಣಗಿದರೆ ಕೊನೆಯ ಮೆಟ್ಟಿಲು ಮುರಿಯುತ್ತದೆ.

ಈ ಸರಪಳಿಯ ಪದ್ಧತಿ ನಮ್ಮ ಕಂಡುಹಿಡಿತವಲ್ಲ. ಸಂರಕ್ಷಣಾ ಸಂಸ್ಥೆಗಳು ಸೇರಿ ಮಾಡಿಕೊಂಡ, 2004ರಲ್ಲಿ ಮೊದಲು ಹೊರಬಂದು 2020ರಲ್ಲಿ ನಾಲ್ಕನೇ ಆವೃತ್ತಿ ಕಂಡ ‘ಓಪನ್ ಸ್ಟ್ಯಾಂಡರ್ಡ್ಸ್’ ಎಂಬ ಕಾರ್ಯವಿಧಾನದ ತಿರುಳು ಇದು. ಅದಕ್ಕಾಗಿ ‘ಮಿರಾಡಿ’ ಎಂಬ ಸಾಫ್ಟ್‌ವೇರ್ ಕೂಡ ಇದೆ. ಸಾಫ್ಟ್‌ವೇರ್ ಇಲ್ಲದಿದ್ದರೆ ಏನೂ ನಷ್ಟವಿಲ್ಲ, ಹಾಳೆ ಮತ್ತು ಸ್ಕೆಚ್ ಪೆನ್ನು ಸಾಕು. ಪ್ರತಿ ಮೆಟ್ಟಿಲಿಗೂ ಒಂದು ಅಳತೆ ಇರಬೇಕು ಎಂಬುದನ್ನು ಮಾತ್ರ ಬಿಡಬೇಡಿ.

ಅಳತೆ ಎಂದರೆ ಪ್ರಯೋಗಾಲಯ ಎಂದುಕೊಂಡು ಅನೇಕ ತಂಡಗಳು ಹಿಂಜರಿಯುತ್ತವೆ. ಬೇಕಿಲ್ಲ. 20 ಸೆಂಟಿಮೀಟರ್ ಅಗಲದ ತಟ್ಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಕೊರೆದು, ಅಡಿಗೆ ಭಾರ ಕಟ್ಟಿ, ಗೇಣಿಗೊಂದು ಗಂಟು ಹಾಕಿದ ಹಗ್ಗದಲ್ಲಿ ತೆಪ್ಪದಿಂದ ನೀರಿಗೆ ಇಳಿಬಿಡಿ. ತಟ್ಟೆ ಕಣ್ಣಿಗೆ ಮರೆಯಾಗುವ ಆಳ ಗುರುತು ಮಾಡಿಕೊಳ್ಳಿ, ಮೇಲೆಳೆಯುವಾಗ ಮತ್ತೆ ಕಾಣುವ ಆಳ ನೋಡಿ, ಎರಡರ ಸರಾಸರಿ ಬರೆಯಿರಿ. ಇದಕ್ಕೆ ಸೆಕಿ ತಟ್ಟೆ ಎನ್ನುತ್ತಾರೆ. ನೀರು ಎಷ್ಟು ತಿಳಿಯಾಗಿದೆ ಎಂಬುದಕ್ಕೆ ಜಗತ್ತಿನಾದ್ಯಂತ ಬಳಸುವ ಅಳತೆ ಇದು. ಪ್ರತಿ ಸಲವೂ ಅದೇ ಜಾಗ, ಅದೇ ಹೊತ್ತು ಇರಬೇಕು, ಅಷ್ಟೇ ಶಿಸ್ತು. ಏರಿಯ ಒಂದೇ ಕಲ್ಲಿನ ಮೇಲೆ ನಿಂತು ಒಂದೇ ದಿಕ್ಕಿಗೆ ತಿಂಗಳಿಗೊಂದು ಫೋಟೊ ತೆಗೆದಿಟ್ಟರೆ ಅಂತರಗಂಗೆ ಎಷ್ಟು ಹರಡಿದೆ ಎಂಬುದಕ್ಕೂ ದಾಖಲೆ ಸಿಕ್ಕಿತು. ಕೆಲಸ ಶುರುವಾಗುವ ಮೊದಲಿನ ಅಳತೆ ಒಂದಾದರೂ ಇರಲೇಬೇಕು. ಅದಿಲ್ಲದೆ ಮುಂದೆ ಯಾರು ಏನು ಹೇಳಿದರೂ ಅದು ಅನಿಸಿಕೆ.

ಇಲ್ಲಿ ಒಂದು ಎಚ್ಚರಿಕೆ. ಫಲ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ತಪ್ಪು ಎಂದು ತೀರ್ಮಾನಿಸಬೇಡಿ. ರಂಗನತಿಟ್ಟನ್ನು ನೋಡಿ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗ ಅದು. ಮುಂಗಾರಿನಲ್ಲಿ ಕೆಆರ್‌ಎಸ್‌ನಿಂದ ಹೊರಹರಿವು ಹೆಚ್ಚಾದರೆ ನಡುಗಡ್ಡೆಗಳು ಮುಳುಗುತ್ತವೆ, ದೋಣಿವಿಹಾರ ನಿಲ್ಲುತ್ತದೆ, ಗೂಡುಗಳು ಕೊಚ್ಚಿಹೋಗುವುದೂ ಉಂಟು. ಆ ವರ್ಷ ಮರಿಗಳ ಸಂಖ್ಯೆ ಇಳಿದರೆ ಕಾವಲಿನವರ ಕೆಲಸ ಕೆಟ್ಟಿತು ಎನ್ನಲಾಗದು. ಆದ್ದರಿಂದ ಸರಪಳಿಯ ಹಾಳೆಯಲ್ಲೇ ‘ನಮ್ಮ ಕೈಯಲ್ಲಿಲ್ಲದ್ದು’ ಎಂಬ ಸಾಲು ಇಡಿ: ನದಿ ಹರಿವು, ಮಳೆ, ನಾಲೆಗೆ ನೀರು ಬಿಟ್ಟ ದಿನ. ಫಲದ ಅಂಕಿ ಕುಸಿದಾಗ ಮೊದಲು ಈ ಸಾಲು ನೋಡಿ, ಆಮೇಲೆ ತಂಡವನ್ನು ಕೇಳಿ.

ಲಕ್ಷಣ: ‘ಶೇಕಡಾ 90 ಮುಗಿದಿದೆ’ ಎಂಬಲ್ಲೇ ನಿಂತಿದೆ

ಇದರ ಒಂದು ಉದಾಹರಣೆ ಹತ್ತಿರದಿಂದ ನೋಡಿದ್ದೇನೆ. ಶ್ರೀರಂಗಪಟ್ಟಣ ತಾಲ್ಲೂಕಿನ ಕೆರೆಯೊಂದಕ್ಕೆ ನೀರು ತರುವ ಪೋಷಕ ಕಾಲುವೆಯ ಹೂಳು ತೆಗೆಯುವ ಕೆಲಸ. ಮೊದಲ ತಿಂಗಳು ಶೇ 60, ಎರಡನೇ ತಿಂಗಳು ಶೇ 90. ಆಮೇಲೆ ಸಭೆ ಸಭೆಗೂ ಅದೇ 90. ಓದುವವರು ಓದುತ್ತಿದ್ದರು, ಉಳಿದವರು ತಲೆಯಾಡಿಸುತ್ತಿದ್ದರು. ಕಾಲುವೆ ಉದ್ದಕ್ಕೆ ನಡೆದಾಗ ಗೊತ್ತಾಯಿತು: ಉಳಿದಿದ್ದ ತುಂಡು ರಸ್ತೆ ಅಡಿಯ ಮೋರಿಯಿಂದ ಕೆರೆಯ ಬಾಯಿಯವರೆಗಿನದು. ಅಲ್ಲಿ ಒಂದು ಬದಿಯಲ್ಲಿ ಕಾಲುವೆಯನ್ನು ಗದ್ದೆಗೆ ಸೇರಿಸಿಕೊಂಡಿದ್ದರು, ಮೋರಿಯ ಕೊಳವೆ ಮಣ್ಣಲ್ಲಿ ಹೂತಿತ್ತು. ಜೊತೆಗೆ ಬಂದಿದ್ದ ನೀರಗಂಟಿಯವರನ್ನು ಕೇಳಿದರೆ, ‘ಅಲ್ಲಿ ಕಟ್ಕಂಡದೆ ಸಾ, ಯಾರೂ ಕೇಳ್ನಿಲ್ವಲ್ಲ, ಅದ್ಕೆ ಏಳ್ನಿಲ್ಲ’ ಎಂದರು. ಉದ್ದದ ಲೆಕ್ಕದಲ್ಲಿ ಶೇ 90 ಸರಿ. ಕೆರೆಗೆ ಬಂದ ನೀರಿನ ಲೆಕ್ಕದಲ್ಲಿ ಅದು ಸೊನ್ನೆ.

ಶೇಕಡಾವಾರು ಅಂಕಿ ಮೊದಲ ಹತ್ತನ್ನೂ ಕೊನೆಯ ಹತ್ತನ್ನೂ ಸಮಾನ ಎಂದು ಎಣಿಸುತ್ತದೆ. ಸಂರಕ್ಷಣಾ ಕೆಲಸದಲ್ಲಿ ಸುಲಭದ್ದು ಮೊದಲು ಆಗುತ್ತದೆ, ಜಗಳ ಇರುವುದು ಕೊನೆಗೆ ಉಳಿಯುತ್ತದೆ. ಆದ್ದರಿಂದ ಎರಡು ಸಭೆಗಳಲ್ಲಿ ಒಂದೇ ಶೇಕಡಾ ಕಂಡರೆ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಿರಿ. ಆ ಸಾಲಿನಿಂದ ಅಂಕಿ ತೆಗೆದುಹಾಕಿ, ಉಳಿದಿರುವ ಕೆಲಸವನ್ನು ಮಾತಿನಲ್ಲಿ ಬರೆಯಿರಿ: ಎಲ್ಲಿಂದ ಎಲ್ಲಿಗೆ, ಅಡ್ಡಿ ಏನು, ಅಡ್ಡಿ ಯಾರ ಕೈಯಲ್ಲಿದೆ.

ಶೇಕಡಾ ಬದಲು ಐದೇ ಸ್ಥಿತಿ ಇಟ್ಟುಕೊಳ್ಳುವುದು ನನ್ನ ಅನುಭವದಲ್ಲಿ ಹೆಚ್ಚು ಪ್ರಾಮಾಣಿಕ: ಸರಿಯಾಗಿ ನಡೆದಿದೆ, ಸಣ್ಣ ತೊಡಕು, ದೊಡ್ಡ ತೊಡಕು, ಮುಗಿದಿದೆ, ಕೈಬಿಟ್ಟಿದೆ. ಮಿರಾಡಿಯಲ್ಲೂ ಸುಮಾರಾಗಿ ಹೀಗೆಯೇ ವಿಂಗಡಿಸುತ್ತಾರೆ. ಪ್ರತಿ ಸ್ಥಿತಿಯ ಪಕ್ಕ ದಿನಾಂಕ ಮತ್ತು ಒಂದು ಸಾಲಿನ ಕಾರಣ ಇರಲಿ. ಹಳೆಯ ಸಾಲನ್ನು ಅಳಿಸಿ ಹೊಸದು ಬರೆಯಬೇಡಿ, ಕೆಳಗೆ ಸೇರಿಸುತ್ತ ಹೋಗಿ. ‘ಸಣ್ಣ ತೊಡಕು’ ಎಂಬುದು ಮೂರು ಸಲ ಬಂದರೆ ಅದು ದೊಡ್ಡ ತೊಡಕೇ, ಅದನ್ನು ಸಭೆಯ ಮೊದಲ ವಿಷಯ ಮಾಡಿ.

ಲಕ್ಷಣ: ‘ಮುಂದಿನ ಸಭೆಗೆ ಮುಂದೂಡಲಾಯಿತು’

ನಡಾವಳಿಯಲ್ಲಿ ಈ ಸಾಲು ಎಷ್ಟು ಸಲ ಬಂದಿದೆ ಎಣಿಸಿ. ಒಂದೇ ವಿಷಯಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದಿದ್ದರೆ, ತೀರ್ಮಾನ ಮಾಡುವ ಅಧಿಕಾರ ಇರುವವರು ಆ ಕೋಣೆಯಲ್ಲಿ ಇಲ್ಲ ಎಂದರ್ಥ.

ನಮ್ಮ ಕೆರೆಗಳ ವಿಷಯದಲ್ಲಿ ಇದು ತೀರಾ ಸಹಜ. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಯದು, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದೋ ಪಂಚಾಯಿತಿಯದೋ. ಗಡಿ, ಒತ್ತುವರಿ ಕಂದಾಯ ಇಲಾಖೆಗೆ. ಏರಿ ಪಕ್ಕದ ನೆಡುತೋಪು ಅರಣ್ಯ ಇಲಾಖೆಗೆ. ಮೈಸೂರು ನಗರದೊಳಗೆ ಬಂದರೆ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ ಸುಪರ್ದಿ, ಕಾರಂಜಿ ಕೆರೆ ಮೃಗಾಲಯದ ಸುಪರ್ದಿ. ಒಳಚರಂಡಿ ಎಲ್ಲ ಕಡೆಯೂ ಮತ್ತೊಬ್ಬರದು. ಇಷ್ಟೂ ಜನರನ್ನು ಪ್ರತಿ ತಿಂಗಳು ಕೂಡಿಸುತ್ತೇವೆ ಎಂದು ಹೊರಟರೆ ಯಾರೂ ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಬಾಕಿ ವಿಷಯಗಳನ್ನು ಎರಡು ಪಟ್ಟಿ ಮಾಡಿ: ತಂಡವೇ ತೀರ್ಮಾನಿಸಬಹುದಾದದ್ದು, ತಂಡ ಕೇಳಿಕೊಳ್ಳಬೇಕಾದದ್ದು. ಎರಡನೇ ಪಟ್ಟಿಯ ವಿಷಯ ತಿಂಗಳ ಸಭೆಯಲ್ಲಿ ಚರ್ಚೆಗೆ ಬರಬಾರದು. ಅದಕ್ಕೆ ಅರ್ಜಿ, ಸ್ವೀಕೃತಿ ಮುದ್ರೆ, ಕಡತದ ನಂಬರು, ಹಿಂದೆ ಬಿದ್ದು ಕೇಳುವ ಒಬ್ಬ ವ್ಯಕ್ತಿ ಬೇಕು. ಒತ್ತುವರಿ ಎಂದರೆ ಮೊದಲ ಹೆಜ್ಜೆ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ. ಅಳತೆಗೆ ಅರ್ಜಿ ಹಾಕದೆ ಒತ್ತುವರಿ ಬಗ್ಗೆ ವರ್ಷವಿಡೀ ಮಾತನಾಡಿದ ಸಭೆಗಳು ಇವೆ. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ‘ಕಡತ ಈಗ ಯಾರ ಟೇಬಲ್ ಮೇಲಿದೆ?’

ಲಕ್ಷಣ: ತೀರ್ಮಾನ ಓದಿದರೆ ಏನು ನೋಡಬೇಕು ಎಂದೇ ತಿಳಿಯುವುದಿಲ್ಲ

‘ಕೆರೆ ಸ್ವಚ್ಛತೆ ಬಗ್ಗೆ ಸುದೀರ್ಘವಾಗಿ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ಸರ್ಕಾರಿ ನಡಾವಳಿಯ ಈ ಭಾಷೆ ನಮ್ಮ ಕೈಗೂ ಅಂಟಿಬಿಟ್ಟಿದೆ. ಇದರಲ್ಲಿ ಮಾಡುವವರಿಲ್ಲ, ದಿನವಿಲ್ಲ, ಜಾಗವಿಲ್ಲ. ಹೀಗೆ ಬರೆಯಿರಿ: ‘ದಕ್ಷಿಣದ ತೂಬಿನಿಂದ ಕೋಡಿವರೆಗೆ ಏರಿ ಮೇಲಿನ ಲಂಟಾನವನ್ನು ಸ್ತ್ರೀಶಕ್ತಿ ಸಂಘದವರು ಹುಣ್ಣಿಮೆಯೊಳಗೆ ಬುಡಸಮೇತ ಕೀಳುವುದು. ಅಧ್ಯಕ್ಷರು ನೋಡಿ ಬಂದು ಮುಂದಿನ ಸಭೆಗೆ ತಿಳಿಸುವುದು.’ ಮಾಡುವವರು ಒಬ್ಬರು, ನೋಡಿ ಬರುವವರು ಇನ್ನೊಬ್ಬರು. ಸಭೆ ಏಳುವ ಮೊದಲೇ ಜೋರಾಗಿ ಓದಿ ಹೇಳಿ, ಒಪ್ಪಿಗೆ ಪಡೆದು ಸಹಿ ಹಾಕಿಸಿ. ಮನೆಗೆ ಹೋಗಿ ಆಮೇಲೆ ಬರೆಯುವ ನಡಾವಳಿಯಲ್ಲಿ ಬರೆದವರ ನೆನಪು ಇರುತ್ತದೆ, ಸಭೆಯ ಮಾತು ಇರುವುದಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ಆದ ತೀರ್ಮಾನಕ್ಕೂ ಇದೇ ನಿಯಮ. ಹೆಬ್ಬೆರಳಿನ ಗುರುತು ಬಿದ್ದ ಮಾತ್ರಕ್ಕೆ ಒಪ್ಪಿಗೆಯಲ್ಲ. ಪುಸ್ತಕಕ್ಕೆ ಇಳಿಯುವ ತನಕ ಅದು ಸೂಚನೆ ಮಾತ್ರ.

ಲಕ್ಷಣ: ಮಾಹಿತಿ ಬೇಕಾದಷ್ಟಿದೆ, ಯಾರೂ ನೋಡಿಲ್ಲ

ನಾಗರಹೊಳೆ, ಬಂಡೀಪುರದಂಥ ಹುಲಿ ಮೀಸಲುಗಳಲ್ಲಿ ಗಸ್ತು ಹೋದ ದಾರಿ, ಕಂಡ ಪ್ರಾಣಿ, ಸಿಕ್ಕ ಉರುಳು ಎಲ್ಲವನ್ನೂ ದಾಖಲಿಸುವ ಎಂ-ಸ್ಟ್ರೈಪ್ಸ್ ವ್ಯವಸ್ಥೆ 2010ರಲ್ಲಿ ಬಂತು. ಏಷ್ಯಾ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗಳು ಜನತಾ ಜೀವವೈವಿಧ್ಯ ದಾಖಲೆ ಮಾಡಬೇಕು. ಮಾಹಿತಿ ಕೂಡಿಸುವುದರಲ್ಲಿ ನಾವು ಹಿಂದಿಲ್ಲ. ಕೂಡಿಸಿದ್ದು ಬೀರುವಿನಲ್ಲಿ ಉಳಿಯುತ್ತದೆ.

ಪರೀಕ್ಷೆ ಸುಲಭ. ಕಳೆದ ವರ್ಷ ಯಾವುದಾದರೂ ಒಂದು ಅಂಕಿ ನೋಡಿ ತಂಡ ತನ್ನ ನಿರ್ಧಾರ ಬದಲಿಸಿದ್ದುಂಟೇ ಎಂದು ಕೇಳಿ. ಇಲ್ಲ ಎಂದಾದರೆ ಒಂದೋ ಅಂಕಿ ಸಭೆಗೆ ಬರುತ್ತಿಲ್ಲ, ಇಲ್ಲವೇ ಬೇಡದ ಅಂಕಿ ಕೂಡಿಸುತ್ತಿದ್ದೀರಿ. ನಂಜನಗೂಡು ತಾಲ್ಲೂಕಿನ ‘ಹದಿನಾರು’ ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಅಂಥ ಕೆರೆಯ ತಂಡಕ್ಕೆ ಎಷ್ಟು ಬಂದವು ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ, ಯಾವುದಕ್ಕೆ ಬೆದರಿ ಎದ್ದವು ಎಂಬುದೂ ಬೇಕು. ಕ್ಯಾಮೆರಾ ಹಿಡಿದವರನ್ನು ಎಲ್ಲಿ ನಿಲ್ಲಿಸಬೇಕು, ದೋಣಿ ಯಾವಾಗ ಬಿಡಬಾರದು ಎಂಬ ತೀರ್ಮಾನಕ್ಕೆ ಕೆಲಸಕ್ಕೆ ಬರುವ ಅಂಕಿ ಅದು. ಸಭೆಗೆ ಒಂದೇ ಪುಟ ತನ್ನಿ: ಒಂದು ನಕ್ಷೆ, ಮೂರು ಅಂಕಿ, ಹೋದ ವರ್ಷ ಇದೇ ತಿಂಗಳ ಅಂಕಿ ಪಕ್ಕದಲ್ಲಿ. ಓದಲು ಬಾರದವರೂ ಕೂತಿದ್ದರೆ ನಕ್ಷೆಯನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆದು ತೋರಿಸಿ.

ಲಕ್ಷಣ: ಜನ ಬರುವುದಿಲ್ಲ, ಬಂದವರು ಮಾತಾಡುವುದಿಲ್ಲ

ಬರುವುದಿಲ್ಲ ಎಂಬುದರ ಕಾರಣ ಬಹಳ ಸಲ ಗಡಿಯಾರದಲ್ಲೇ ಇರುತ್ತದೆ. ಸಂಜೆ ಆರಕ್ಕೆ ಸಭೆ ಇಟ್ಟರೆ ಮಂಡ್ಯದ ಹಳ್ಳಿಯಲ್ಲಿ ಹೆಂಗಸರು ಡೇರಿಗೆ ಹಾಲು ಹಾಕುವ ಹೊತ್ತು. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ವಾರ ಯಾರೂ ಬರಲಾರರು, ಬರಬೇಕೆಂದು ನಿರೀಕ್ಷಿಸುವುದೂ ತಪ್ಪು. ಕಬ್ಬು ಕಡಿಯುವ ಆಳು ಸಿಕ್ಕ ದಿನ ರೈತ ಸಭೆಗೆ ಬರುವುದಿಲ್ಲ. ದಸರಾ ಹೊತ್ತಿನಲ್ಲಿ ಮೈಸೂರಿನ ಅಧಿಕಾರಿಗಳಿಗೆ ದಸರಾ ಕೆಲಸ, ಅರಣ್ಯ ಇಲಾಖೆಗೆ ಆನೆಗಳ ಕೆಲಸ. ಫೆಬ್ರುವರಿಯಿಂದ ಏಪ್ರಿಲ್ ತನಕ ಕಾಡಿನ ಸಿಬ್ಬಂದಿ ಬೆಂಕಿ ಕಾವಲಿನಲ್ಲಿರುತ್ತಾರೆ. ಮಾರ್ಚ್ ಕೊನೆಯಲ್ಲಿ ಎಲ್ಲ ಕಚೇರಿಯೂ ಬಿಲ್ಲಿನ ಹಿಂದೆ. ಈ ದಿನಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಹೊಡೆದುಹಾಕಿ, ಉಳಿದ ದಿನಗಳಲ್ಲಿ ವರ್ಷದ ಸಭೆ ಗೊತ್ತು ಮಾಡಿ. ಕೆಲಸದ ಕಾಲವನ್ನು ಜೀವಿಗಳೇ ಗೊತ್ತು ಮಾಡುತ್ತವೆ: ಹೆಜ್ಜಾರ್ಲೆ ಗೂಡು ಕಟ್ಟುವ ಊರಿನಲ್ಲಿ ಮರಗಳ ಮಾತುಕತೆ ನವೆಂಬರ್ ಒಳಗೆ ಮುಗಿಯಬೇಕು, ಮರಿ ಹಾರಿದ ಮೇಲೆ ಜೂನ್, ಜುಲೈಯಲ್ಲಿ ಲೆಕ್ಕ ನೋಡಬೇಕು. ತಿಂಗಳಿಗೊಂದು ಎಂಬ ಲೆಕ್ಕ ಹಕ್ಕಿಗೂ ಇಲ್ಲ, ಕೆರೆಗೂ ಇಲ್ಲ.

ಮಾತಾಡುವುದಿಲ್ಲ ಎಂಬುದು ಇದಕ್ಕಿಂತ ಆಳದ ದೋಷ, ಇದನ್ನು ಸರಿಪಡಿಸದೆ ಮೇಲಿನ ಯಾವ ರಿಪೇರಿಯೂ ನಿಲ್ಲದು. ಸಭೆಯಲ್ಲಿ ಗೋಡೆಗೆ ಒರಗಿ ಹಿಂದೆ ನಿಂತಿರುವವರನ್ನು ಗಮನಿಸಿ. ದಿನಗೂಲಿ ವಾಚರ್, ತೆಪ್ಪ ಹಾಕುವವರು, ಸಸಿಗೆ ನೀರು ಹೊರುವ ಹೆಂಗಸರು. ಸ್ಥಳದಲ್ಲಿ ಏನಾಗಿದೆ ಎಂದು ಗೊತ್ತಿರುವುದು ಅವರಿಗೆ. ಸಸಿ ಒಣಗಿದೆ ಎಂದರೆ ‘ನೀನೇಕೆ ನೀರು ಹಾಕಲಿಲ್ಲ’ ಎಂಬ ಪ್ರಶ್ನೆ ಬರುತ್ತದೆ. ಉರುಳು ಸಿಕ್ಕಿತು ಎಂದರೆ ಊರಿನವರ ಕೋಪಕ್ಕೆ ಗುರಿ. ಮುಂದಿನ ತಿಂಗಳ ಕೂಲಿ ಅನುಮಾನ. ಹಾಗಿರುವಾಗ ‘ಎಲ್ಲ ಚೆನ್ನಾಗದೆ ಸಾ’ ಎನ್ನುವುದರಲ್ಲಿ ಅವರ ತಪ್ಪೇನಿದೆ?

ಇದನ್ನು ಹಣ ಕೊಡುವವರೂ ಬೆಳೆಸುತ್ತಾರೆ. ಒಂದು ಯೋಜನೆಯಲ್ಲಿ ಹಣ ಕೊಟ್ಟ ಸಂಸ್ಥೆಯ ವರದಿ ನಮೂನೆಯಲ್ಲಿ ‘ಗುರಿ’, ‘ಸಾಧನೆ’ ಎಂಬ ಎರಡೇ ಕಾಲಂ ಇದ್ದವು. ಸಾಧನೆ ಗುರಿಗಿಂತ ಕಡಿಮೆಯಿದ್ದರೆ ಮುಂದಿನ ಕಂತು ತಡೆಯುತ್ತಿದ್ದರು. ಕಾರಣ ಬರೆಯಲು ಜಾಗವೇ ಇರಲಿಲ್ಲ. ಕೆಲವೇ ತಿಂಗಳಲ್ಲಿ ತಂಡದ ಎಲ್ಲ ಸಾಲಿನಲ್ಲೂ ಎರಡು ಕಾಲಂ ಒಂದೇ ಅಂಕಿ ತೋರಿಸತೊಡಗಿದವು. ಅಂಥ ನಮೂನೆ ಬಂದರೆ ತುಂಬಿ ಕಳಿಸಿ, ಆದರೆ ತಂಡದ ಸಭೆಗೆ ಅದನ್ನೇ ಬಳಸಬೇಡಿ. ತಂಡಕ್ಕೆ ಬೇರೆ ಪಟ್ಟಿ ಇರಲಿ, ಅದರಲ್ಲಿ ‘ಕಲಿತದ್ದು’ ಎಂಬ ಮೂರನೇ ಕಾಲಂ ಇರಲಿ. ವರದಿಯ ಜೊತೆ ಒಂದು ಪುಟದ ಪತ್ರ ಲಗತ್ತಿಸಿ ನಿಜಸ್ಥಿತಿ ಬರೆಯುವ ಧೈರ್ಯವನ್ನೂ ಮಾಡಬೇಕು.

ಮೌನ ಮುರಿಯಲು ಸಭೆಯ ಕ್ರಮ ತಿರುಗಿಸಿ. ಅಧ್ಯಕ್ಷರ ಭಾಷಣದಿಂದ ಶುರು ಮಾಡುವ ಬದಲು ಸ್ಥಳದಲ್ಲಿ ಕೆಲಸ ಮಾಡಿದವರು ಮೊದಲು ಮಾತಾಡಲಿ, ಕೊನೆಗೆ ಅಧ್ಯಕ್ಷರು. ‘ಕೆಲಸ ಹೇಗಿದೆ ಅಣ್ಣ’ ಎಂದು ಕೇಳಿದರೆ ‘ಚೆನ್ನಾಗದೆ’ ಎಂಬ ಉತ್ತರವೇ ಬರುವುದು. ‘ಹೋದ ಸಭೆ ಆದ ಮೇಲೆ ನೀವು ನೋಡಿದ್ದರಲ್ಲಿ ಬದಲಾದದ್ದು ಯಾವುದಕ್ಕ, ತೋರಿಸಿ’ ಎಂದು ಕೇಳಿ. ಸಾಧ್ಯವಾದರೆ ಸಭೆಯನ್ನೇ ಏರಿ ಮೇಲೆ, ಅರಳಿಕಟ್ಟೆಯಲ್ಲಿ, ನರ್ಸರಿ ಪಕ್ಕ ನಡೆಸಿ. ಕೈ ಮಾಡಿ ತೋರಿಸಲು ವಸ್ತು ಎದುರಿಗಿದ್ದಾಗ ಮಾತು ತಾನಾಗಿ ಬರುತ್ತದೆ. ಕೆಟ್ಟ ಸುದ್ದಿ ತಂದವರಿಗೆ ಸಭೆಯಲ್ಲೇ ಧನ್ಯವಾದ ಹೇಳಿ ನಡಾವಳಿಯಲ್ಲಿ ದಾಖಲಿಸಿ. ಹೆಸರು ಬರೆದರೆ ಅವರಿಗೆ ಊರಿನಲ್ಲಿ ತೊಂದರೆ ಎಂದಾದರೆ ಹೆಸರಿಲ್ಲದೆ ಬರೆಯಿರಿ.

ಇಷ್ಟಾದರೂ ಸರಿಯಾಗದಿದ್ದರೆ: ಸಭೆಗಳನ್ನು ಬೇರ್ಪಡಿಸಿ

ಒಂದೇ ಸಭೆಯಲ್ಲಿ ದಿನದ ಕೆಲಸ, ಹಣದ ಲೆಕ್ಕ, ಯೋಜನೆಯ ದಿಕ್ಕು ಎಲ್ಲವನ್ನೂ ತುರುಕಿದರೆ ಹಣದ ಲೆಕ್ಕವೇ ಹೊತ್ತು ತಿನ್ನುತ್ತದೆ. ಕೆಲಸ ಮಾಡುವವರು ವಾರಕ್ಕೊಮ್ಮೆ ಸ್ಥಳದಲ್ಲೇ ನಿಂತು ಹದಿನೈದು ನಿಮಿಷ ಮಾತಾಡಲಿ, ಅದಕ್ಕೆ ನಡಾವಳಿ ಬೇಡ, ಜೇಬಿನ ಪುಸ್ತಕ ಸಾಕು. ಪ್ರಗತಿ ಪಟ್ಟಿ ನೋಡುವ ಸಭೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ. ಸರಪಳಿಯ ಹಾಳೆ ಹರಡಿಕೊಂಡು ‘ನಾವು ಹಿಡಿದ ದಾರಿ ಸರಿಯೇ’ ಎಂದು ಕೇಳುವ ಸಭೆ ವರ್ಷಕ್ಕೆರಡು, ಪೂರ್ತಿ ಒಂದು ದಿನ, ಮಧ್ಯಾಹ್ನದ ಊಟ ಸಮೇತ. ಈ ಕೊನೆಯದನ್ನೇ ಹೆಚ್ಚಿನ ತಂಡಗಳು ಬಿಟ್ಟುಬಿಡುತ್ತವೆ. ಬೇರೆಲ್ಲ ಬಿಟ್ಟರೂ ಇದನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಕೈಬಿಟ್ಟಿದೆ’ ಎಂದು ಬರೆಯುವುದು ಹೇಗೆ

ಸರಪಳಿ ನೋಡಿದ ಮೇಲೆ ಕೆಲವು ಕೆಲಸಗಳನ್ನು ನಿಲ್ಲಿಸುವುದೇ ಸರಿ ಎಂದು ಗೊತ್ತಾಗುತ್ತದೆ. ಮೋರಿ ನೀರು ತಿರುಗಿಸುವ ತನಕ ಅಂತರಗಂಗೆ ತೆಗೆಸಲು ಹಣ ಸುರಿಯುವುದು ಬೇಡ ಎಂಬಂಥ ತೀರ್ಮಾನ. ತಂಡಗಳು ಇದನ್ನು ಬಾಯಿಬಿಟ್ಟು ಹೇಳದೆ ಪಟ್ಟಿಯಲ್ಲಿ ‘ನಡೆಯುತ್ತಿದೆ’ ಎಂದೇ ಇಟ್ಟುಕೊಂಡಿರುತ್ತವೆ. ಸತ್ತ ಸಾಲುಗಳು ಪಟ್ಟಿಯಲ್ಲಿ ಸೇರಿದಷ್ಟೂ ಜೀವಂತ ಸಾಲುಗಳಿಗೆ ಸಭೆಯಲ್ಲಿ ಹೊತ್ತು ಸಿಗದು.

ಕೈಬಿಡುವಾಗ ನಾಲ್ಕು ವಿಷಯ ನಡಾವಳಿಗೆ ಬರಲಿ: ಯಾವ ಅಳತೆ ನೋಡಿ ನಿಲ್ಲಿಸಿದಿರಿ, ಉಳಿದ ಹಣ ಎಲ್ಲಿಗೆ ಹೋಗುತ್ತದೆ, ಆ ಕೆಲಸ ನಂಬಿಕೊಂಡಿದ್ದ ಕೂಲಿಯವರಿಗೆ ಏನು ವ್ಯವಸ್ಥೆ, ಯಾವ ಪರಿಸ್ಥಿತಿ ಬದಲಾದರೆ ಮತ್ತೆ ಶುರು ಮಾಡುತ್ತೀರಿ. ಮೀನುಗಾರರ ಸಹಕಾರ ಸಂಘ, ಅಚ್ಚುಕಟ್ಟಿನ ರೈತರು, ಪಿಡಿಒ ಈ ಮೂವರಿಗೂ ಅದೇ ವಾರ ತಿಳಿಸಿ. ಬೇರೆಯವರ ಬಾಯಿಂದ ಕೇಳಿದರೆ ತಂಡವೇ ಮುಚ್ಚಿಹೋಯಿತು ಎಂದು ಊರು ತಿಳಿದುಕೊಳ್ಳುತ್ತದೆ. ಬಾಡಿಗೆಗೆ ತಂದ ತೆಪ್ಪ, ಸಲಕರಣೆ ವಾಪಸು ಕೊಟ್ಟು ರಸೀದಿ ಪಡೆದು ಕಡತಕ್ಕೆ ಹಾಕಿ, ಪಟ್ಟಿಯಲ್ಲಿ ಆ ಸಾಲಿನ ಮುಂದೆ ‘ಕೈಬಿಟ್ಟಿದೆ’ ಎಂದು ದಿನಾಂಕ ಸಮೇತ ಬರೆಯಿರಿ. ಕೆರೆಯ ಅಳತೆಯನ್ನು ಮಾತ್ರ ನಿಲ್ಲಿಸಬೇಡಿ. ಮೋರಿ ನೀರು ತಿರುಗಿಸಿದ ದಿನ ಕೆರೆ ಎಲ್ಲಿತ್ತು ಎಂದು ತೋರಿಸಲು ಆ ಅಂಕಿಗಳು ಬೇಕಾಗುತ್ತವೆ.